ಫೋನ್ ಕದ್ದಾಲಿಕೆ: ಪರಿಹಾರಕ್ಕೆ ಯಾವ ಬಾಗಿಲು ತಟ್ಟಬೇಕು?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರ ಮೊಬೈಲಿಗೆ, ರಿಪೇರಿಗೆ ಕೊಟ್ಟಾಗ, ಯಾರೋ ಗುಟ್ಟಾಗಿ ಆ್ಯಪ್ ಹಾಕಿ ದರದ ಮಾತುಕತೆಯನ್ನೆಲ್ಲ ಕೇಳಿಸಿಕೊಂಡರು ಎನ್ನೋಣ. ಪೊಲೀಸ್ ದೂರಿನಿಂದ ಶಿಕ್ಷೆಯಾಗಬಹುದು. ನಷ್ಟ ತುಂಬಿಸಿಕೊಳ್ಳುವ ದಾರಿ ಬೇರೆ.

ಇಂಥ ಪ್ರಕರಣಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ನ್ಯಾಯನಿರ್ಣಯಾಧಿಕಾರಿಯೇ ಸೂಕ್ತವೆಂದು ನನ್ನ ಅಭಿಪ್ರಾಯ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿರುವ ಈ ಅಧಿಕಾರಿ, ಅನುಮತಿಯಿಲ್ಲದೆ ಕಂಪ್ಯೂಟರ್, ಮೊಬೈಲಿನೊಳಗೆ ಕೈಹಾಕುವುದರ ಕುರಿತ 43ನೇ ಸೆಕ್ಷನ್ ಅಡಿ 5 ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಯನ್ನು ವಿಚಾರಿಸಬಲ್ಲರು. ಸಾಧ್ಯವಾದಷ್ಟೂ 6 ತಿಂಗಳೊಳಗೆ ಮುಗಿಸಬೇಕೆಂಬ ನಿಯಮವೂ ಇದೆ. ಅರ್ಜಿ ಬೆಂಗಳೂರಿಗೆ ಹೋಗಬೇಕಾದದ್ದು ಮಲೆನಾಡಿನವರಿಗೆ, ಅದರಲ್ಲೂ ಮಳೆಗಾಲದಲ್ಲಿ, ನಿಜಕ್ಕೂ ಹೊರೆ. ಸಿಟ್ಟಿನಲ್ಲಿ ಆ್ಯಪ್ ಅಳಿಸಬೇಡಿ, ಸಾಕ್ಷ್ಯ ಇರುವುದೇ ಅದರಲ್ಲಿ.

ಶಿವಮೊಗ್ಗದ ಸಿವಿಲ್ ನ್ಯಾಯಾಲಯ ಹತ್ತಿರವೇನೋ ಹೌದು, ಆದರೆ ಆ ಅಧಿಕಾರಿಯ ವ್ಯಾಪ್ತಿಯ ವಿಷಯವನ್ನು ಅದೇ ಕಾಯ್ದೆಯ 61ನೇ ಸೆಕ್ಷನ್ ಅಲ್ಲಿಂದ ಹೊರಗಿಡುತ್ತದೆ. ಕಂಪ್ಯೂಟರ್, ಮೊಬೈಲಿಗೆ ಸಂಬಂಧಿಸದ, ಕೋಣೆಯಲ್ಲಿ ಬಚ್ಚಿಟ್ಟ ಟೇಪ್ ರೆಕಾರ್ಡರ್‌ನಂಥ ಪ್ರಕರಣದಲ್ಲಿ, ಧ್ವನಿಮುದ್ರಣ ಹರಡದಂತೆ ತಡೆಯಾಜ್ಞೆ ಬೇಕಾದಾಗ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

ಕದ್ದಾಲಿಸಿದ್ದು ಸರ್ಕಾರವಾದರೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯೇ ಸರಿ. ಖಾಸಗಿತನವನ್ನು ಮೂಲಭೂತ ಹಕ್ಕೆಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಅದಕ್ಕೆ ಆಧಾರ.