ಸಿಗ್ನಲ್‌ನಲ್ಲಿ ಬಸ್ಸಿಗೆ ಮೊದಲ ದಾರಿ: ನಾಲ್ಕು ವರ್ಷ ಓಡಾಡಿದ ಮೇಲೆ ಹೇಳ್ತಿದ್ದೇನೆ

ನಮ್ಮ ದಾರಿಯ ಸಿಗ್ನಲ್‌ಗಳಲ್ಲಿ ಬಸ್ಸಿಗೆ ಆದ್ಯತೆ ಕೊಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಅಂದಿನಿಂದ ಬೆಳಗ್ಗೆ, ಸಂಜೆ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.

ಇದು ಕೆಲಸ ಮಾಡುವುದನ್ನು ನೋಡಬೇಕಾದರೆ ಮುಂದಿನ ಸೀಟಿನಲ್ಲಿ ಕೂರಬೇಕು. ಹಸಿರು ಇನ್ನೇನು ಹೋಯಿತು ಅಂತ ಡ್ರೈವರ್ ಬ್ರೇಕ್ ಮೇಲೆ ಕಾಲಿಡುತ್ತಾರೆ. ಹಸಿರು ಹೋಗುವುದಿಲ್ಲ. ಕಾಲು ತೆಗೆಯುತ್ತಾರೆ, ಬಸ್ಸು ದಾಟಿದ ಮೇಲೆ ಹಳದಿ ಬೀಳುತ್ತದೆ. ಬಸ್ಸಿನಲ್ಲಿರುವ ಸಾಧನ ಮೊದಲೇ ಸಿಗ್ನಲ್‌ಗೆ ಸುದ್ದಿ ಮುಟ್ಟಿಸಿರುತ್ತದೆ. ಹಸಿರಿದ್ದರೆ ಕೆಲವು ಸೆಕೆಂಡ್ ಜಾಸ್ತಿ ಉಳಿಸುತ್ತದೆ, ಕೆಂಪಿದ್ದರೆ ಸ್ವಲ್ಪ ಬೇಗ ಮುಗಿಸುತ್ತದೆ, ಅಷ್ಟೇ. ಆಂಬುಲೆನ್ಸ್‌ಗೆ ಮಾಡುವ ಹಾಗೆ ಎಲ್ಲರನ್ನೂ ತಡೆಯುವುದಿಲ್ಲ. ನಡೆದು ದಾಟುವವರ ಸಮಯವನ್ನೂ ಕಡಿಮೆ ಮಾಡುವುದಿಲ್ಲ, ಮಾಡಲೂಬಾರದು.

ಬಸ್ಸು ಹಾರಿಕೊಂಡು ಹೋಗುತ್ತದೆ ಅಂತ ಕಾಯಬೇಡಿ. ಒಟ್ಟು ಪ್ರಯಾಣದಲ್ಲಿ ಉಳಿಯುವುದು ಕೆಲವೇ ನಿಮಿಷ. ನನಗೆ ದೊಡ್ಡದು ಅನಿಸಿದ್ದು ಬೇರೆ: ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ. ಮೊದಲು ಒಂದು ಬಸ್ಸು ತಡವಾದರೆ ಸ್ಟಾಪಿನಲ್ಲಿ ಜನ ಸೇರಿ, ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನೂ ತಡವಾಗಿ, ಹಿಂದಿನದು ಬಂದು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಎರಡು ಒಟ್ಟಿಗೆ. ಈಗ ತಡವಾದ ಬಸ್ಸಿಗೆ ಮಾತ್ರ ಈ ಸೌಲಭ್ಯ. ಹೊತ್ತಿಗೆ ಸರಿಯಾಗಿ ಬಂದದ್ದು ಎಲ್ಲರಂತೆ ಕಾಯುತ್ತದೆ. ಇದು ತುಂಬಾ ಸರಿಯಾದ ಕ್ರಮ. ನಾನು ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಡುವುದನ್ನು ಬಿಟ್ಟು ಬಹಳ ದಿನವಾಯಿತು.

ಕಾರಿನವರಿಗೆ ಅನ್ಯಾಯ ಅಂತಾರೆ. ಬಸ್ಸಿನ ಪಕ್ಕದಲ್ಲೇ ಹೋಗುವ ಕಾರಿಗೂ ಅದೇ ಹಸಿರು ಸಿಗುತ್ತದೆ ಅಲ್ವಾ? ಅಡ್ಡರಸ್ತೆಯವರು ಸ್ವಲ್ಪ ಕಾಯಬೇಕು, ನಿಜ. ಆದರೆ ತುಂಬಿದ ಬಸ್ಸಿನಲ್ಲಿ ನಿಂತವರೂ ಕಾಯುವವರೇ. ಜ್ಯೂರಿಕ್ ಜನ 1973ರಲ್ಲಿ ಸುರಂಗ ರೈಲು ಬೇಡ ಅಂತ ಮತ ಹಾಕಿದರು, ಆಮೇಲೆ ಆ ಊರು ಟ್ರಾಮ್, ಬಸ್ಸುಗಳಿಗೆ ಸಿಗ್ನಲ್‌ನಲ್ಲಿ ದಾರಿ ಬಿಟ್ಟುಕೊಟ್ಟೇ ಹೆಸರು ಮಾಡಿತು.

ಒಂದು ಸ್ಟಾರ್ ಕಳೆದದ್ದು ಸ್ಟಾಪ್ ಇರುವ ಜಾಗಕ್ಕೆ. ಸಿಗ್ನಲ್‌ಗೆ ಮೊದಲೇ ಸ್ಟಾಪ್ ಇದ್ದರೆ ಎಲ್ಲ ವ್ಯರ್ಥ. ಬಸ್ಸು ಹಸಿರು ಕೇಳುತ್ತದೆ, ಸಿಗ್ನಲ್ ಕೊಡುತ್ತದೆ, ಇಲ್ಲಿ ನೋಡಿದರೆ ಅಜ್ಜಿಯೊಬ್ಬರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿರುತ್ತಾರೆ. ಅವರನ್ನು ಅವಸರ ಮಾಡಲಾಗುತ್ತದೆಯೇ? ಬಾಗಿಲು ಮುಚ್ಚುವಷ್ಟರಲ್ಲಿ ಕೆಂಪು. ಕೇಳಿ ಪಡೆದ ಹಸಿರು ಸುಮ್ನೆ ಹೋಯಿತು, ಅಡ್ಡರಸ್ತೆಯವರು ಕಾದದ್ದೂ ದಂಡ. ಲಾಸ್ ಏಂಜಲೀಸ್‌ನಲ್ಲಿ 2000ದಲ್ಲಿ ವೇಗದ ಬಸ್ಸುಗಳನ್ನು ಶುರು ಮಾಡಿದಾಗ ಸಿಗ್ನಲ್ ಆದ್ಯತೆಯ ಜೊತೆಗೇ ಸ್ಟಾಪ್‌ಗಳನ್ನು ಆದಷ್ಟೂ ಸಿಗ್ನಲ್ ದಾಟಿದ ಮೇಲೆ ಇಟ್ಟರು.

ನಮ್ಮ ದಾರಿಯಲ್ಲಿ ಸಿಗ್ನಲ್‌ಗೆ ಮೊದಲೇ ಬರುವ ಸ್ಟಾಪ್ ಮೂರಿದ್ದವು. ಹೋದ ವರ್ಷ ಎರಡನ್ನು ಆಚೆ ಬದಿಗೆ ಸರಿಸಿದರು, ಈಗ ಅಲ್ಲಿ ಬಸ್ಸು ದಾಟಿಯೇ ಬಾಗಿಲು ತೆಗೆಯುತ್ತದೆ. ಮೂರನೆಯದಕ್ಕೆ ಅರ್ಜಿ ಕೊಟ್ಟು ಎಂಟು ತಿಂಗಳಾಯಿತು.