ಟಿಕಳಿ, ಪುಡಿ, ಬಾಟಲಿ, ಮನೆ ಕುಂಕುಮ: ಹಣೆಗೆ ಯಾವುದು ಒಳ್ಳೆಯದು?

ಕ್ರೀಮು ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಕುಂಕುಮ, ಟಿಕಳಿ (ಅಂಟಿಸುವ ಬಿಂದಿ) ಕೊಳ್ಳುವಾಗ ಬಣ್ಣ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಆದರೆ ಒಂದೇ ಜಾಗದಲ್ಲಿ, ವರ್ಷಗಟ್ಟಲೆ, ಬೆಳಗಿನಿಂದ ರಾತ್ರಿವರೆಗೆ ಚರ್ಮಕ್ಕೆ ತಾಗಿಕೊಂಡಿರುವುದು ಇದೇ ಅಲ್ವಾ? ಅದರಲ್ಲೂ ನಮ್ಮ ಕಲಬುರಗಿಯ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿತೆಂದರೆ ಬೆವರು, ಅಂಟು, ಬಣ್ಣ ಎಲ್ಲ ಸೇರಿ ಹಣೆ ತುರಿಸತೊಡಗುತ್ತದೆ. ಅದಕ್ಕೇ ನಾಲ್ಕೂ ಬಗೆಯನ್ನು ಒಂದೊಂದಾಗಿ ಹಚ್ಚಿ ನೋಡಿದೆ.

ಅನುಕೂಲದಲ್ಲಿ ಟಿಕಳಿಯನ್ನು ಯಾವುದೂ ಮೀರಿಸುವುದಿಲ್ಲ. ಅಂಟಿಸಿದರೆ ಮುಗಿಯಿತು, ಸೀರೆಗೆ ಉದುರುವುದಿಲ್ಲ. ಆದರೂ ನನಗೆ ಜಾಸ್ತಿ ಭಯ ಇದರದ್ದೇ. ಅನೇಕ ಟಿಕಳಿಗಳ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಕೊಲ್ಲಬಲ್ಲದು. ಆಗ ಟಿಕಳಿ ಇಡುವ ಜಾಗದಲ್ಲಿ ಬಿಳಿ ಕಲೆ ಬೀಳುತ್ತದೆ. ಕೆಲವರಿಗೆ ಮೊದಲು ತುರಿಕೆ ಬರುತ್ತದೆ, ಕೆಲವರಿಗೆ ಏನೂ ಗೊತ್ತಾಗದೆ ಕಲೆಯೇ ಬಂದುಬಿಡುತ್ತದೆ. ನನ್ನ ಚಿಗವ್ವನಿಗೆ ಹೀಗೇ ಆಯಿತು. ಜನ ತೊನ್ನು ಅಂದಾರು ಎಂದು ಹೆದರಿ, ಕಲೆ ಮುಚ್ಚಲು ಇನ್ನೂ ದೊಡ್ಡ ಟಿಕಳಿ ಇಡತೊಡಗಿದಳು. ಅಂಟು ಇನ್ನಷ್ಟು ಅಗಲಕ್ಕೆ ತಾಗಿತು, ಕಲೆಯೂ ಅಗಲವಾಯಿತು. ಇದನ್ನು ನೋಡಿದಾಗಿನಿಂದ ಯಾರಾದರೂ ಕಲೆ ಮುಚ್ಚಲು ಟಿಕಳಿ ಇಡುವುದು ಕಂಡರೆ ನನ್ನಿಂದ ಸುಮ್ನೆ ಇರಲು ಆಗುವುದಿಲ್ಲ. ನನಗೆ ಬಿಳಿ ಕಲೆ ಬಂದಿಲ್ಲ. ಆದರೆ ಬೇಸಿಗೆಯಲ್ಲಿ ಟಿಕಳಿ ತೆಗೆದಾಗ ಕೆಳಗೆ ದುಂಡಗೆ ಕೆಂಪಾಗಿ ಉರಿಯುತ್ತಿತ್ತು. ಪ್ಯಾಕೆಟ್ ತಿರುಗಿಸಿ ನೋಡಿದರೆ ಅಂಟಿನ ವಿವರವೇ ಇರಲಿಲ್ಲ.

ಅಂಗಡಿಯ ಪುಡಿ ಕುಂಕುಮದಲ್ಲಿ ಅಂಟಿನ ಭಯವಿಲ್ಲ, ಬಣ್ಣದ ಭಯವಿದೆ. ಶರಣಬಸವೇಶ್ವರ ಗುಡಿಯ ಸುತ್ತ, ಗಾಣಗಾಪುರದ ಅಂಗಡಿಗಳಲ್ಲಿ ರಾಶಿ ಹಾಕಿದ ಕುಂಕುಮ ನೋಡಲು ಚೆಂದ. ಆದರೆ ಬಿಡಿಯಾಗಿ ಕೊಂಡರೆ ಯಾರು ಮಾಡಿದರು, ಏನು ಹಾಕಿದರು ಎಂದು ತಿಳಿಯುವ ದಾರಿಯೇ ಇಲ್ಲ. ಇಂಥ ಪುಡಿಗಳಲ್ಲಿ ಸುಡಾನ್ 1ರಂಥ ಬಣ್ಣಗಳು ಸಿಕ್ಕಿರುವುದುಂಟು. ಅವು ಒಗ್ಗದಿದ್ದರೆ ಹಣೆಯಲ್ಲಿ ಕಪ್ಪು, ಬೂದು ಕಲೆ ಉಳಿಯುತ್ತದೆ. ಬೈತಲೆಗೆ ಹಚ್ಚುವ ಕೆಲವು ಸಿಂಧೂರಗಳಲ್ಲಿ ಸೀಸವೂ ಇರುತ್ತದೆ. ಸೀಸ ಚರ್ಮದೊಳಗೆ ಇಳಿಯುವುದು ಕಡಿಮೆ. ಕೈಬೆರಳಿನಿಂದ ಬಾಯಿಗೆ ಹೋಗುವುದೇ ಅಪಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ಸಿಂಧೂರ ಬೇಡವೇ ಬೇಡ. ಬಣ್ಣಕ್ಕಾಗಿ ಸೀಸ ಬಳಸಬಾರದು ಎಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಹಾಗಾಗಿ ಕೊಳ್ಳಲೇಬೇಕಾದರೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರುವ ಡಬ್ಬಿ ನೋಡಿ ಕೊಳ್ಳಿ.

ಬಾಟಲಿ ಕುಂಕುಮ ಬೆವರಿಗೆ ಚೆನ್ನಾಗಿ ನಿಲ್ಲುತ್ತದೆ. ಕಡ್ಡಿಯಿಂದ ಬೇಕಾದ ಆಕಾರ ಬರೆಯಬಹುದು. ಒಣಗಿದ ಮೇಲೆ ಚರ್ಮ ಬಿಗಿದಂತೆ ಅನಿಸಿತು. ಬಣ್ಣದ ಜೊತೆ ಸುವಾಸನೆಯೂ, ಕೆಡದಂತೆ ಹಾಕುವ ವಸ್ತುಗಳೂ ಇದರಲ್ಲಿ ಇರುವುದರಿಂದ, ಒಗ್ಗದ ಚರ್ಮಕ್ಕೆ ಇದೂ ಕಷ್ಟವೇ. ಮದುವೆ, ಮುಂಜಿಗೆ ಪರವಾಗಿಲ್ಲ, ದಿನಾ ಬೇಡ ಅನಿಸಿತು.

ಇನ್ನು ಮನೆಯದು. ಅರಿಶಿನ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿದೆ. ಖಾರ ಬೀಸಿದ ಮೇಲೆ ಕಲ್ಲು ಸ್ವಚ್ಛ ಮಾಡಿಸದೆ ಬೀಸಿಸಬೇಡಿ, ಹಣೆ ಉರಿದೀತು. ಎಲೆಗೆ ಹಾಕುವ ಸುಣ್ಣವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ, ಎರಡು ಹನಿ ತುಪ್ಪ ಹಾಕಿ ತಿಕ್ಕಿದರೆ ಕೈಯಲ್ಲೇ ಕೆಂಪು ಏರುತ್ತದೆ. ಅರಿಶಿನದ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಅದಕ್ಕೇ ಸುಣ್ಣದ ಕುಂಕುಮಕ್ಕೆ ನಿಂಬೆರಸ ಹಿಂಡಿದರೆ ಹಳದಿಗೆ ತಿರುಗುತ್ತದೆ. ಸುಣ್ಣದಲ್ಲಿ ಮಾಡಿದ್ದು ಎಂದು ಹೇಳಿ ಕೊಟ್ಟ ಪುಡಿ ನಿಂಬೆರಸಕ್ಕೂ ಕೆಂಪಾಗೇ ಉಳಿದರೆ ಅನುಮಾನ ಪಡಿ. ಬಿಳಿಗಾರ (ಬೋರಾಕ್ಸ್) ಹಾಕಿದ ಕುಂಕುಮಕ್ಕೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಅದರ ಕೆಂಪೇ ಬೇರೆ ಬಗೆಯದು.

ಇದರಲ್ಲೂ ಕೊರತೆಗಳಿವೆ. ಸುಣ್ಣ ಜಾಸ್ತಿಯಾದರೆ ಚರ್ಮ ಸುಡುತ್ತದೆ. ಬೆವರಿನಲ್ಲಿ ಹುಳಿ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಬಣ್ಣ ಕೇಸರಿಗೆ ತಿರುಗಿತ್ತು. ಬಿಸಿಲಿಗೂ ಅರಿಶಿನದ ಬಣ್ಣ ಮಾಸುತ್ತದೆ. ಅದಕ್ಕೆ ನೆರಳಲ್ಲಿ ಒಣಗಿಸಿ, ಸ್ವಲ್ಪ ಸ್ವಲ್ಪವೇ ಮಾಡಿ ಮುಚ್ಚಿಡಬೇಕು. ಕೆಲವರಿಗೆ ಅರಿಶಿನವೇ ಒಗ್ಗುವುದಿಲ್ಲ. ಮೊದಲು ಮೊಣಕೈ ಒಳಗೆ ಹಚ್ಚಿ ಎರಡು ದಿನ ನೋಡಿ.

ಬೆವರಿನ ತೊಂದರೆ ಕಡಿಮೆ ಮಾಡಿದ್ದು ಮೇಣ. ನಮ್ಮ ಅಜ್ಜಿಯರು ಹಣೆಗೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಚಿಕ್ಕ ಡಬ್ಬಿಗೆ ಹಾಕಿದೆ. ಜೇನುಮೇಣ ಕರಗಲು 60 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಎಣ್ಣೆ ಸೇರಿದರೆ ಮೆತ್ತಗಾಗುತ್ತದೆ, ಹಾಗಾಗಿ ಬೇಸಿಗೆಗೆ ಎಣ್ಣೆ ಕಡಿಮೆ, ಚಳಿಗಾಲಕ್ಕೆ ಸ್ವಲ್ಪ ಹೆಚ್ಚು. ಕೆಳಗೆ ಮೇಣದ ಪದರ ಇದ್ದಾಗ ಕುಂಕುಮ ಸಂಜೆವರೆಗೂ ನಿಂತಿತು, ಸುಣ್ಣವೂ ನೇರವಾಗಿ ಚರ್ಮಕ್ಕೆ ತಾಗಲಿಲ್ಲ. ಕೊಳ್ಳುವಾಗ ಮೂಸಿ ನೋಡಿ, ಜೇನಿನ ವಾಸನೆ ಇರಬೇಕು. ಮೇಣದಬತ್ತಿಯ ಮೇಣ ಪೆಟ್ರೋಲಿಯಂನಿಂದ ಬಂದದ್ದು, ಅದನ್ನು ಕೊಟ್ಟಾರು.

ದಿನಕ್ಕೆ ಈಗ ನನ್ನದು ಮೇಣ, ಮನೆ ಕುಂಕುಮ. ಟಿಕಳಿ ಬಿಡಲಾಗದವರು ರಾತ್ರಿ ತೆಗೆದು, ಹಣೆ ತೊಳೆದು ಮಲಗಿ. ಬೆಳಿಗ್ಗೆ ಅದನ್ನೇ ಮತ್ತೆ ಅಂಟಿಸಬೇಡಿ. ತುರಿಕೆ ಅಥವಾ ಬಿಳಿ ಚುಕ್ಕೆ ಕಂಡ ದಿನವೇ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಬೇಗ ನಿಲ್ಲಿಸಿದರೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ಮುಲಾಮು ಏನಿದ್ದರೂ ಅವರು ಬರೆದುಕೊಟ್ಟದ್ದೇ ಇರಲಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮು ಮುಖದ ಚರ್ಮವನ್ನು ತೆಳ್ಳಗೆ ಮಾಡಿಬಿಡುತ್ತದೆ.