500 ರೂಪಾಯಿಯ ಯಶಸ್ವಿನಿ, 18 ಸಾವಿರದ ಪಾಲಿಸಿ: ಎರಡನ್ನೂ ಬಳಸಿ ನೋಡಿದೆ

ನಮ್ಮ ಮನೆಯಲ್ಲಿ ಒಂದೂವರೆ ವರ್ಷದೊಳಗೆ ಎರಡು ಆಪರೇಷನ್ ಆದವು. ಊರಲ್ಲಿರುವ ಅಪ್ಪನ ಹರ್ನಿಯಾ ಯಶಸ್ವಿನಿ ಕಾರ್ಡಿನಲ್ಲಿ, ಅಂದರೆ ಸಹಕಾರ ಸಂಘದ ಸದಸ್ಯರಿಗೆ ರಾಜ್ಯ ಸರ್ಕಾರ ನಡೆಸುವ ಆರೋಗ್ಯ ಯೋಜನೆಯಲ್ಲಿ. ಬೆಂಗಳೂರಲ್ಲಿ ನನ್ನ ಹೆಂಡತಿಯ ಪಿತ್ತಕೋಶದ ಕಲ್ಲು ಖಾಸಗಿ ಕಂಪನಿಯ ಪಾಲಿಸಿಯಲ್ಲಿ. ಎರಡರದ್ದೂ ಮಿತಿ ವರ್ಷಕ್ಕೆ 5 ಲಕ್ಷ.

ಮೊದಲು ದುಡ್ಡಿನ ಮಾತು. ಯಶಸ್ವಿನಿಗೆ ಹಳ್ಳಿಯ ನಾಲ್ಕು ಜನರ ಕುಟುಂಬ ವರ್ಷಕ್ಕೆ ಕಟ್ಟುವುದು 500 ರೂಪಾಯಿ. ಸಹಕಾರ ಸಂಘದ ಸದಸ್ಯರಾಗಿರಬೇಕು. ಅಪ್ಪ ಹಾಲಿನ ಬಟವಾಡೆ ತೆಗೆದುಕೊಂಡ ದಿನ ಡೇರಿಯಲ್ಲೇ ಕಟ್ಟಿ ಬಂದಿದ್ದರು. ನಮ್ಮ ಮೂವರ ಪಾಲಿಸಿಗೆ ನಾನು ಕಟ್ಟುತ್ತಿದ್ದುದು 18 ಸಾವಿರ ಚಿಲ್ಲರೆ. ಅದರಲ್ಲಿ 18% ಜಿಎಸ್‌ಟಿ ಬೇರೆ. ಅದು 2025ರ ಸೆಪ್ಟೆಂಬರ್‌ನಲ್ಲಿ ಹೋಯಿತು, ಪುಣ್ಯ.

ಅಪ್ಪನಿಗೆ 67. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಯಶಸ್ವಿನಿಯವರು ಅದನ್ನು ಕೇಳಲೇ ಇಲ್ಲ. ಖಾಸಗಿ ಪಾಲಿಸಿ ಮಾಡಿಸಿದ್ದರೆ? ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ, ಇವಕ್ಕೆಲ್ಲ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹೆಂಡತಿಗೆ ಕಲ್ಲು ಕಾಣಿಸಿದ್ದು ಮೂರನೇ ವರ್ಷದಲ್ಲಿ. ಬಚಾವಾದೆವು.

ಆದರೆ ಯಶಸ್ವಿನಿಯಲ್ಲಿ ಒಳಗೆ ಹೋಗುವುದೇ ಕಷ್ಟ. ಪಟ್ಟಿಯಲ್ಲಿ ಹೆಸರಿದ್ದ ಮೊದಲ ಆಸ್ಪತ್ರೆಯವರು "ಈಗ ಅದನ್ನ ತಗೋತಾ ಇಲ್ಲ ಯಜಮಾನ್ರೇ" ಅಂದರು. ಒಂದೊಂದು ಚಿಕಿತ್ಸೆಗೆ ಇಷ್ಟೇ ಅಂತ ಯೋಜನೆ ಕೊಡುವ ಪ್ಯಾಕೇಜ್ ದರ ಸಾಲದು ಅನ್ನುವುದು ಖಾಸಗಿ ಆಸ್ಪತ್ರೆಗಳ ಹಳೇ ತಕರಾರು. ಎರಡನೇ ಆಸ್ಪತ್ರೆ ಒಪ್ಪಿತು. ಸ್ಕ್ಯಾನಿಂಗ್‌ಗೆ ಕೈಯಿಂದ ಕೊಟ್ಟೆವು. ಮಂಜೂರಾತಿ ಬರಲು ನಾಲ್ಕು ದಿನ. ಅಷ್ಟು ದಿನವೂ ಅಪ್ಪ ಸೊಂಟದ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಓಡಾಡಿದರು. ಆಮೇಲೆ ಜನರಲ್ ವಾರ್ಡ್, ಪಕ್ಕದ ಹಾಸಿಗೆಯವರ ಗೊರಕೆ. ಬಿಡುಗಡೆ ದಿನ ಮಾತ್ರ ಒಂದು ಸಹಿ ಹಾಕಿ ಹೊರಟುಬಂದರು.

ಖಾಸಗಿಯದು ಇದಕ್ಕೆ ತದ್ವಿರುದ್ಧ. ಒಳಗೆ ಹೋಗುವಾಗ ಮದುವೆ ಮನೆಯ ಮರ್ಯಾದೆ. ಕಾರ್ಡ್ ತೋರಿಸಿದೆವು, ಮಧ್ಯಾಹ್ನದೊಳಗೆ ಒಪ್ಪಿಗೆ. ಪರದಾಟವೆಲ್ಲ ಹೊರಗೆ ಬರುವಾಗ. ಡಾಕ್ಟರು ಬೆಳಗ್ಗೆ 11ಕ್ಕೆ "ಹೊರಡಿ" ಅಂದರು. ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ನಮಗೆ ಸಂಜೆ ಆರೂವರೆ ಆಯಿತು. ಬಂದ ಉತ್ತರವೂ ಪೂರ್ತಿಯಲ್ಲ. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಯ ಮಿತಿ ದಿನಕ್ಕೆ 5,000. ನಾವು ತೆಗೆದುಕೊಂಡಿದ್ದು 6,500ರದ್ದು. ಹೋದರೆ ದಿನಕ್ಕೆ 1,500 ಹೋಗಲಿ ಅಂದುಕೊಂಡಿದ್ದೆ. ಅದು ಹಾಗಲ್ಲ. ಡಾಕ್ಟರ್ ಫೀಸು, ಆಪರೇಷನ್ ಕೊಠಡಿಯ ಬಾಡಿಗೆ, ಎಲ್ಲದರಲ್ಲೂ 6,500ಕ್ಕೆ 5,000ದ ಅದೇ ಅನುಪಾತದಲ್ಲಿ ಕಡಿತ. ಪಾಲಿಸಿ ಕೊಡದ ಗ್ಲೌಸು, ಹತ್ತಿ ಎಲ್ಲ ಸೇರಿ ನನ್ನ ಕೈಯಿಂದ 21 ಸಾವಿರ ಬಿತ್ತು. ಪಾಲಿಸಿ ಕೊಂಡಾಗ ಆ ಪುಟ ಓದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಸರ್ಕಾರ ಇಷ್ಟು ಅಗ್ಗಕ್ಕೆ ಕೊಟ್ಟರೆ ಖಾಸಗಿಯವರು ಬದುಕುವುದು ಹೇಗೆ ಅಂತ ಕೆಲವರು ವಾದಿಸುತ್ತಾರೆ. ನನಗೆ ಹಾಗನ್ನಿಸಲಿಲ್ಲ. 67 ವರ್ಷದ ಸಕ್ಕರೆ ಕಾಯಿಲೆಯವರನ್ನು ಆ ಕಂಪನಿಗಳು ಬಾಗಿಲಲ್ಲಿ ನಿಂತು ಕರೆಯುತ್ತಿರಲಿಲ್ಲ ಅಲ್ವಾ?

ನನ್ನ ಹೆದರಿಕೆ ಬೇರೆ: ಯೋಜನೆಯೇ ಮತ್ತೆ ನಿಂತುಹೋದರೆ? ಯಶಸ್ವಿನಿ ಶುರುವಾಗಿದ್ದು 2003ರಲ್ಲಿ, ತಲೆಗೆ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಅನ್ನೋ ರಾಜ್ಯದ ಇನ್ನೊಂದು ಆರೋಗ್ಯ ಯೋಜನೆಯೊಳಗೆ ಸೇರಿಸಿದರು. ನಮ್ಮದು ಎಪಿಎಲ್ ಕಾರ್ಡ್. ಅದರಲ್ಲಿ ಬಿಪಿಎಲ್‌ನವರಿಗೆ 5 ಲಕ್ಷದವರೆಗೆ ಉಚಿತ, ನಮ್ಮಂಥವರಿಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. 2022-23ರಲ್ಲಿ ಯಶಸ್ವಿನಿ ಮತ್ತೆ ಬಂತು. ನಡುವಿನ ವರ್ಷಗಳಲ್ಲಿ ಅಪ್ಪನಿಗೆ ಏನಾದರೂ ಆಗಿದ್ದರೆ ಹೊಲ ಮಾರಬೇಕಿತ್ತು. ಖಾಸಗಿ ಪಾಲಿಸಿಗೆ ದರ ಏರಿಸುತ್ತಾರೆ ನಿಜ. ಆದರೆ ಕ್ಲೇಮ್ ಮಾಡಿದಿರಿ ಅನ್ನೋ ಕಾರಣಕ್ಕೆ ನವೀಕರಣ ಇಲ್ಲ ಅನ್ನುವಂತಿಲ್ಲ.

ಹಾಗಾಗಿ ಎರಡನ್ನೂ ಇಟ್ಟುಕೊಂಡಿದ್ದೇನೆ. ನನ್ನದನ್ನು ರೂಮ್ ಬಾಡಿಗೆ ಮಿತಿ ಇಲ್ಲದ ಪಾಲಿಸಿಗೆ ಬದಲಾಯಿಸಿದೆ, ಜಾಸ್ತಿ ಕಟ್ಟಿ. ಆ ಮೊತ್ತ ಕೇಳಿ ಅಪ್ಪ ಒಂದು ಕ್ಷಣ ಸುಮ್ಮನಾದರು. ನಾಲ್ಕು ಜನ ಮೀರಿದರೆ ಯಶಸ್ವಿನಿಗೆ ತಲೆಗೆ 100 ರೂಪಾಯಿ. "ನಿಮ್ಮ ಮೂವರನ್ನೂ ನಮ್ಮ ಕಾರ್ಡಿಗೇ ಸೇರಿಸ್ಲೇನೋ? ಮುನ್ನೂರು ರೂಪಾಯಿ. ಎರಡು ದಿನದ ಹಾಲು" ಅಂದರು.